ರೊಸಿಲ್ಡಾಳ ನೀಲಿ ಪಾತ್ರೆ

ಲೂಸಿಯನ್ ಡೇಗಲ್ ವಕೀಲನಾದದ್ದು ಕಾಲೇಜಿನಲ್ಲಿ ಓದಿ. ಶಾಸಕನಾದದ್ದು ಮಾತ್ರ ಅವನ ತಾಯಿ ಅಲ್ಫೀನಾಳ ಅಡುಗೆಮನೆಯಲ್ಲಿ. ಕೆನಡಾ ಗಡಿಯ ಸೇಂಟ್ ಜಾನ್ ನದಿಯ ಈ ದಡದಲ್ಲಿ, ನಮ್ಮ ಕಣಿವೆಯಲ್ಲಿ, ಯಾರನ್ನು ಕೇಳಿದರೂ ಈ ಮಾತನ್ನೇ ಹೇಳುತ್ತಾರೆ. ಪ್ರತಿ ಶನಿವಾರ ಸಂಜೆ ಅಲ್ಫೀನಾಳ ಮನೆಯ ಹಿಂಬಾಗಿಲು ತೆರೆದಿರುತ್ತಿತ್ತು. ಹಂದಿಕೊಬ್ಬು, ಕಾಕಂಬಿ ಹಾಕಿ ಬೆಳಗಿನಿಂದ ಬೇಯಿಸಿದ ಬೀನ್ಸ್ ಒಲೆಯಲ್ಲಿರುತ್ತಿತ್ತು. ಪಕ್ಕದ ಹಂಚಿನ ಮೇಲೆ ಬಕ್‌ವೀಟ್ ಹಿಟ್ಟಿನ ಪ್ಲೋಯ್ ಏಳುತ್ತಿತ್ತು. ಅದು ನಮ್ಮ ಕಡೆಯ ದೋಸೆ, ಒಂದೇ ಮಗ್ಗುಲು ಬೇಯಿಸುವುದು. ಮೇಜಿನ ತಲೆಯ ಕಡೆ ಲೂಸಿಯನ್ ಕೂತು ತಿನ್ನುತ್ತಾ, ತಲೆ ಆಡಿಸುತ್ತಾ, ಬಂದವರ ಕಷ್ಟ ಕೇಳುತ್ತಿದ್ದ. ಪಿಂಚಣಿ ನಿಂತದ್ದು, ರಸ್ತೆಯ ಹಿಮ ತೆಗೆಯದೇ ಇದ್ದದ್ದು, ಮರ ಕಡಿಯುವ ಪರವಾನಗಿ ಸಿಗದೇ ಇದ್ದದ್ದು, ಎಲ್ಲ ಆ ಮೇಜಿಗೆ ಬರುತ್ತಿತ್ತು.

ಬಂದವರು ಬರಿಗೈಲಿ ಬರುತ್ತಿರಲಿಲ್ಲ. ಒಂದು ಪಾತ್ರೆಯಲ್ಲಿ ಏನಾದರೂ ಮಾಡಿಕೊಂಡು ತಂದು, ಪಾತ್ರೆಯನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಪಾತ್ರೆ ಅಲ್ಫೀನಾಳ ಕಪಾಟು ಸೇರಿತು ಎಂದರೆ ಕೆಲಸ ಕೈಗೆತ್ತಿಕೊಂಡಾಯಿತು ಎಂದು ಅರ್ಥ. ಕೆಲಸ ಆದ ಮೇಲೆ ಪಾತ್ರೆ ತೊಳೆದು, ಅದರಲ್ಲಿ ಇವರ ಮನೆಯದೇನಾದರೂ ಹಾಕಿ ವಾಪಸು ಕೊಡಬೇಕು. ಕೆಲಸ ಆಗದಿದ್ದರೆ ಖಾಲಿ ಪಾತ್ರೆ ಕೊಡಬೇಕು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಪಾತ್ರೆಯೇ ಹೇಳುತ್ತಿತ್ತು. ಆದರೆ ಅಲ್ಫೀನಾ ಖಾಲಿ ಪಾತ್ರೆ ವಾಪಸು ಕೊಟ್ಟದ್ದನ್ನು ಕಣಿವೆಯಲ್ಲಿ ಒಬ್ಬರೂ ಕಂಡಿರಲಿಲ್ಲ. ಮಗನ ಕೈಲಿ ಆಗದ ಕೆಲಸಕ್ಕೂ ಅವಳು ಒಂದಿಷ್ಟು ಸೇಬಿನ ಜಾಮ್ ತುಂಬಿ, "ಮುಂದಿನ ಅಧಿವೇಶನಕ್ಕೆ ನೋಡೋಣ" ಅನ್ನುತ್ತಿದ್ದಳು. ಜನ ಜಾಮ್ ತಿಂದು ವೋಟು ಹಾಕುತ್ತಿದ್ದರು.

ಹೀಗೆ ಲೂಸಿಯನ್ ಮೊದಲು ಮೇನ್ ರಾಜ್ಯದ ಕೆಳಮನೆಗೆ ಹೋದ, ಆಮೇಲೆ ಮೇಲ್ಮನೆಗೆ ಹೋದ. ನಡುವೆ ಒಂದು ಸಲ ಸೋತ. ಕಣಿವೆಯ ಎರಡು ಶಾಲೆಗಳನ್ನು ಕೂಡಿಸುವ ಮಸೂದೆಗೆ ಕೈ ಎತ್ತಿದ್ದಕ್ಕೆ ಜನ ಪಾಠ ಕಲಿಸಿದರು. ಆ ಚಳಿಗಾಲ ಹಿಂಬಾಗಿಲಿಗೆ ಒಂದು ಪಾತ್ರೆಯೂ ಬರಲಿಲ್ಲ. ಅಲ್ಫೀನಾ ಪ್ರತಿ ಶನಿವಾರ ಅಷ್ಟೇ ಬೀನ್ಸ್ ಬೇಯಿಸಿ, ಮಿಕ್ಕಿದ್ದನ್ನು ವಾರವಿಡೀ ಮನೆಯವರಿಗೆ ತಿನ್ನಿಸಿದಳು. ಮುಂದಿನ ಸಲ ಅವನು ಗೆದ್ದ. ರಾಜಧಾನಿ ಆಗಸ್ಟಾದಲ್ಲಿ ನ್ಯಾಯಾಂಗ ಸಮಿತಿಯ ಅಧ್ಯಕ್ಷನಾದ. ನಮ್ಮ ಹಾಗೆ ಮನೆಯಲ್ಲಿ ಫ್ರೆಂಚ್ ಆಡುವ ಮುದುಕರು ಕೋರ್ಟಿಗೆ ಹೋದರೆ ಪಕ್ಕದಲ್ಲಿ ದುಭಾಷಿ ಇರಬೇಕೆಂದು ಕಾನೂನು ತಂದ. ಆ ಕಾನೂನಿನಿಂದ ಅವನ ಹೆಸರು ದೂರದವರ ಕಿವಿಗೂ ಬಿತ್ತು.

ವಾಷಿಂಗ್ಟನ್‌ನಿಂದ ಫೋನು ಬಂದಾಗ ಮನೆಯವರೆಲ್ಲ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಕೂತಿದ್ದರು. ಲೂಸಿಯನ್‌ನ ಹೆಂಡತಿ ಕೊರಿನ್ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಮಗಳು ಜೊಸೆಟ್ ಶಾಲೆಯ ಬಸ್ ಓಡಿಸುತ್ತಾಳೆ. ಮೂವತ್ತಾದರೂ ಮದುವೆಯ ಮಾತೆತ್ತಿದರೆ ಬಸ್ಸಿನ ಹಾರನ್ ಹೊಡೆದ ಹಾಗೆ ನಗುವವಳು.

ಲೂಸಿಯನ್ ಫೋನು ಇಟ್ಟು, "ಅಧ್ಯಕ್ಷರು ನನ್ನ ಹೆಸರು ಕಳಿಸಿದ್ದಾರಂತೆ" ಅಂದ.

"ಯಾವ ಅಧ್ಯಕ್ಷರು? ಆಲೂಗಡ್ಡೆ ಸಂಘದೋರಾ?" ಅಲ್ಫೀನಾ ಚಾಕು ನಿಲ್ಲಿಸದೆ ಕೇಳಿದಳು.

"ದೇಶದ ಅಧ್ಯಕ್ಷರು ಅಮ್ಮಾ. ನನ್ನನ್ನ ಫೆಡರಲ್ ಜಡ್ಜ್ ಮಾಡ್ತಾರಂತೆ, ಕೇಂದ್ರದ ಕೋರ್ಟಿಗೆ. ಬ್ಯಾಂಗರ್‌ನಲ್ಲಿ."

"ಎಷ್ಟು ವರ್ಷಕ್ಕೆ?"

"ಜೀವಾವಧಿ."

"ಅಯ್ಯೋ! ಜೀವಾವಧಿ ಅನ್ನೋದನ್ನ ಜಡ್ಜು ಬೇರೆಯೋರಿಗೆ ಕೊಡ್ತಾನೆ ಅನ್ಕೊಂಡಿದ್ದೆ. ಅವನಿಗೂ ಕೊಡ್ತಾರಾ?"

ಜೊಸೆಟ್ ನಕ್ಕಳು. ಕೊರಿನ್ ನಗಲಿಲ್ಲ. "ಹಾಗಾದ್ರೆ ಇನ್ನು ಚುನಾವಣೆ ಇಲ್ಲ?" ಎಂದು ಕೇಳಿದಳು.

"ಇಲ್ಲ."

"ಯಾವತ್ತೂ ಇಲ್ಲ?"

"ಯಾವತ್ತೂ ಇಲ್ಲ ಕೊರಿನ್."

ಕೊರಿನ್ ಎದ್ದು ಕೈ ಒರೆಸಿಕೊಂಡು ಗಂಡನ ತಲೆಗೆ ಒಂದು ಮುತ್ತು ಕೊಟ್ಟಳು. ಮದುವೆಯಾದಂದಿನಿಂದ ಶನಿವಾರದ ತಟ್ಟೆಗಳನ್ನೆಲ್ಲ ತೊಳೆದವಳು ಅವಳು. ಅವಳ ಸಂತೋಷಕ್ಕೆ ಬೇರೆ ಕಾರಣ ಬೇಕಿರಲಿಲ್ಲ.

ಬೇಸಿಗೆಯಲ್ಲಿ ವಾಷಿಂಗ್ಟನ್‌ನ ಸೆನೆಟರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಮನೆಯವರು ಅದನ್ನು ಪರದೆಯ ಮೇಲೆ ನೋಡಿದರು.

"ಇವನು ಯಾಕೆ ಒಂದಕ್ಕೂ ಹೌದು, ಅಲ್ಲ ಅಂತ ಹೇಳ್ತಿಲ್ಲ?" ಅಂದಳು ಅಲ್ಫೀನಾ.

"ಹೇಳದೇ ಇರೋದೇ ಪರೀಕ್ಷೆ ಅಜ್ಜಿ. ಹೇಳಿದ್ರೆ ಫೇಲು."

"ಹಂಗಾದ್ರೆ ಪಾಸಾಗ್ತಾನೆ ಬಿಡು. ನಿಮ್ಮಪ್ಪ ಚಿಕ್ಕವನಿದ್ದಾಗ್ಲೂ ಕಿಟಕಿ ಗಾಜು ಒಡೆದೋರು ಯಾರು ಅಂತ ಕೇಳಿದ್ರೆ ಹಿಂಗೇ ಕೂತಿರ್ತಿದ್ದ."

ಪಾಸಾದ. ಆಲೂಗಡ್ಡೆ ಕಿತ್ತು ಮುಗಿಯುವ ಹೊತ್ತಿಗೆ ಪ್ರಮಾಣವಚನ ಆಯಿತು. ಅವನ ಶಾಸಕ ಸ್ಥಾನಕ್ಕೆ ಕೆಳಗಿನ ಊರಿನ ಆಲೂಗಡ್ಡೆ ವ್ಯಾಪಾರಿಯೊಬ್ಬ ಬಂದ. ಆ ಮನುಷ್ಯ ಯಾರಿಗೂ ತನ್ನ ಅಡುಗೆಮನೆ ತೋರಿಸಿದವನಲ್ಲ. ಲೂಸಿಯನ್ ವಾರವಿಡೀ ಬ್ಯಾಂಗರ್‌ನಲ್ಲಿ ಬಾಡಿಗೆ ಕೋಣೆಯಲ್ಲಿದ್ದು, ಶುಕ್ರವಾರ ಸಂಜೆ ಕಾಡಿನ ಹೆದ್ದಾರಿ ಹಿಡಿದು ಮನೆಗೆ ಬರುತ್ತಿದ್ದ.

ಮೊದಲ ಶುಕ್ರವಾರವೇ ಜಗಳ ಆಯಿತು. ಊಟದ ನಡುವೆ ಲೂಸಿಯನ್ ಗಂಟಲು ಸರಿಮಾಡಿಕೊಂಡ.

"ಅಮ್ಮಾ, ನಾಳೆಯಿಂದ ಶನಿವಾರದ್ದು ಬೇಡ."

"ಏನು ಬೇಡ? ಶನಿವಾರ ಬರೋದು ಬೇಡವಾ?"

"ಜನ ಬರೋದು ಬೇಡ. ನಾನು ಜಡ್ಜು. ಯಾರ ಕೆಲಸಾನೂ ಮಾಡಿಸಿಕೊಡೋ ಹಾಗಿಲ್ಲ. ಯಾರ ಪರವಾಗಿ ಒಂದು ಫೋನು ಮಾಡೋ ಹಾಗಿಲ್ಲ."

"ಮಾಡಬೇಡ. ತಿಂದುಕೊಂಡು ಹೋಗ್ಲಿ."

"ತಿನ್ನೋಕೆ ಬರೋರು ಯಾರು? ಮಾತಾಡೋಕೆ ಬರ್ತಾರೆ. ನಾಳೆ ಅವರದೇ ಒಂದು ಮೊಕದ್ದಮೆ ನನ್ನ ಮುಂದೆ ಬಂತು ಅಂದ್ಕೋ."

"ನಮ್ಮ ಜನ ಬ್ಯಾಂಕು ದರೋಡೆ ಮಾಡ್ತಾರಾ? ಜಿಂಕೆ ಹೊಡೀತಾರೆ, ಕುಡೀತಾರೆ. ಅದಕ್ಕೆ ನಿನ್ನ ದೊಡ್ಡ ಕೋರ್ಟು ಯಾಕೆ ಬೇಕು?" ಅಲ್ಫೀನಾ ಸೌಟು ಕೆಳಗಿಟ್ಟಳು. "ಈ ಮೇಜು ನಿಮ್ಮಪ್ಪ ಮಾಡಿದ್ದು. ನೀನು ಶಾಸಕ ಆಗೋಕ್ಕೂ ಮುಂಚೆ ಜನ ಇಲ್ಲಿಗೆ ಬರ್ತಿದ್ರು. ನಾನು ಸತ್ತ ಮೇಲೆ ಬಾಗಿಲು ಹಾಕ್ಕೋ."

"ಅತ್ತೆ, ಒಂದಿಷ್ಟು ದಿನ ನೋಡೋಣ ಅಲ್ವಾ," ಅಂದಳು ಕೊರಿನ್.

"ನಿಂಗೇನಮ್ಮಾ, ತಟ್ಟೆ ತೊಳೆಯೋದು ತಪ್ತು."

"ಹೌದು, ತಪ್ತು. ಅದೇನು ತಪ್ಪಾ? ವಾರವೆಲ್ಲ ಶಾಲೇಲಿ ಮುನ್ನೂರು ಮಕ್ಕಳ ತಟ್ಟೆ ಇರುತ್ತೆ ನನಗೆ."

ಕೊನೆಗೆ ಜೊಸೆಟ್ ಪಂಚಾಯಿತಿ ಮಾಡಿದಳು. ಶನಿವಾರ ಬೀನ್ಸ್ ಇರಲಿ, ಬಾಗಿಲೂ ತೆರೆದಿರಲಿ. ಆದರೆ ಯಾರೂ ಪಾತ್ರೆ ತರಬಾರದು, ಯಾರೂ ತಮ್ಮ ಕೆಲಸದ ಮಾತು ಎತ್ತಬಾರದು. ಅಲ್ಫೀನಾ ಮುಖ ಊದಿಸಿಕೊಂಡು ಒಪ್ಪಿದಳು.

ಜನ ಬಂದರು. ಬರಿಗೈಲಿ ಬಂದದ್ದಕ್ಕೆ ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಂಡು ಬಂದರು. ಈ ವರ್ಷ ಹಿಮ ಬೇಗ ಬೀಳುತ್ತದೆ ಅಂದರು. ಹೌದು, ಬೇಗ ಬೀಳುತ್ತದೆ ಅಂದ ಲೂಸಿಯನ್. ಹಿಂದೆ ಅವನ ಬೆನ್ನಿಗೆ ಹೊಡೆದು "ಏನಪ್ಪಾ ಲೂಸಿಯನ್" ಅನ್ನುತ್ತಿದ್ದವರು ಈಗ "ಜಡ್ಜ್ ಸಾಹೇಬ್ರೆ" ಅಂದರು. ಬೀನ್ಸ್ ತಿಂದು, ಒಳ್ಳೇದು ಎಂದು ಹೇಳಿ ಎದ್ದರು. ಮುಂದಿನ ವಾರ ಇನ್ನೂ ಕಡಿಮೆ ಜನ ಬಂದರು. ಕ್ರಿಸ್ಮಸ್ ಹೊತ್ತಿಗೆ ಮೇಜಿನ ಸುತ್ತ ಮನೆಯವರೇ ಉಳಿದರು. ಅಲ್ಫೀನಾ ದೊಡ್ಡ ಬೀನ್ಸ್ ಮಡಕೆಯನ್ನು ತೊಳೆದು ಮೇಲಿಟ್ಟು ಚಿಕ್ಕದನ್ನು ಕೆಳಗಿಳಿಸಿದಳು. ಅವತ್ತು ಅವಳು ಊಟ ಮಾಡಲಿಲ್ಲ.

ಲೂಸಿಯನ್‌ಗೂ ಸುಖವಿರಲಿಲ್ಲ. ಒಂದು ದಿನ ಸೌದೆ ಒಡೆಯುತ್ತಾ ಮಗಳಿಗೆ ಹೇಳಿದ. "ಅಲ್ಲಿ ನಾನು ಒಳಗೆ ಬಂದ್ರೆ ಎಲ್ಲರೂ ಎದ್ದು ನಿಲ್ತಾರೆ. ವಕೀಲರು, ಪೊಲೀಸ್ನೋರು, ಕೈದಿ ಸಮೇತ. ಹತ್ತಿರ ಕೂರೋರು ಮಾತ್ರ ಯಾರೂ ಇಲ್ಲ."

"ಕೂರಿಸಿಕೊಳ್ಳೋಕೆ ನಿಮ್ಮ ಹತ್ರ ಬೀನ್ಸ್ ಇಲ್ವಲ್ಲ ಅಪ್ಪಾ," ಅಂದಳು ಜೊಸೆಟ್.

ನದಿ ಹೆಪ್ಪುಗಟ್ಟಿದ ಮೇಲೆ ಅರ್ಮಾನ್ ಸಿಕ್ಕಿಬಿದ್ದ. ಅರ್ಮಾನ್ ಅಲ್ಫೀನಾಳ ಗೆಳತಿ ರೊಸಿಲ್ಡಾಳ ಒಬ್ಬನೇ ಮಗ. ಇಬ್ಬರು ಮುದುಕಿಯರೂ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರು, ಚರ್ಚಿನಲ್ಲಿ ಇವತ್ತಿಗೂ ಒಂದೇ ಸಾಲಿನಲ್ಲಿ ಕೂರುವವರು. ಅರ್ಮಾನ್ ಚಳಿಗಾಲದಲ್ಲಿ ಹಿಮಬಂಡಿ ಏರಿ ಮಂಜುಗಡ್ಡೆಯ ಮೇಲಿಂದ ಆಚೆ ದಡದ ಕೆನಡಾಕ್ಕೆ ಹೋಗಿ ಔಷಧಿ ತರುತ್ತಿದ್ದ. ಅಲ್ಲಿ ಸಕ್ಕರೆ ಕಾಯಿಲೆಯ ಔಷಧಿ ಅಗ್ಗ, ನೋವಿನ ಮುಲಾಮು ಅಗ್ಗ. ಮೊದಲು ಅಕ್ಕಪಕ್ಕದವರಿಗೆ ತಂದುಕೊಟ್ಟ. ಯಾರೂ ತಪ್ಪೆಂದುಕೊಳ್ಳಲಿಲ್ಲ. ಆಮೇಲೆ ಬೋಸ್ಟನ್ ಕಡೆಯವರಿಗೆ ಪೆಟ್ಟಿಗೆಗಟ್ಟಲೆ ಸಾಗಿಸತೊಡಗಿದ. ಗಡಿಯ ಪೊಲೀಸರು ಹಿಡಿದರು. ಗಡಿಯ ಅಪರಾಧ ಫೆಡರಲ್ ಕೋರ್ಟಿಗೆ ಹೋಗುತ್ತದೆ. ಮೊಕದ್ದಮೆ ಲೂಸಿಯನ್‌ನ ಪೀಠಕ್ಕೆ ಬಂತು.

ಮೊದಲ ದಿನವೇ ಲೂಸಿಯನ್ ಎರಡೂ ಕಡೆಯ ವಕೀಲರಿಗೆ ತೆರೆದ ಕೋರ್ಟಿನಲ್ಲಿ ಹೇಳಿದ. ಈ ಮನುಷ್ಯ ನನಗೆ ಗೊತ್ತು, ಇವನ ತಾಯಿಯೂ ಗೊತ್ತು, ನಿಮ್ಮದೇನಾದರೂ ಆಕ್ಷೇಪಣೆ ಇದ್ದರೆ ಹೇಳಿ ಅಂದ. ಸರ್ಕಾರದ ವಕೀಲೆ ಎದ್ದು ನಿಂತು, "ಕಣಿವೆಯಲ್ಲಿ ತಮಗೆ ಗೊತ್ತಿಲ್ಲದವರು ಯಾರಾದರೂ ಇದ್ದಾರೆಯೇ ಸ್ವಾಮಿ? ನಮ್ಮ ಆಕ್ಷೇಪಣೆ ಇಲ್ಲ" ಅಂದಳು. ಅರ್ಮಾನ್‌ನ ವಕೀಲನಂತೂ ಸಂತೋಷದಿಂದ ಕೂತ. ಅರ್ಮಾನ್ ತಪ್ಪು ಒಪ್ಪಿಕೊಂಡ. ಶಿಕ್ಷೆ ಎಷ್ಟೆಂಬುದಷ್ಟೇ ಉಳಿದಿತ್ತು. ಲೂಸಿಯನ್ ಯಾರನ್ನೂ ಸುಮ್ಮನೆ ಬಿಡುವವನಲ್ಲ, ಆದರೆ ನಮ್ಮ ಕಣಿವೆಯಲ್ಲಿ ಔಷಧಿಗೆ ಏನು ಬೆಲೆ ಎಂದು ಬಲ್ಲವನು. ಕಣಿವೆಯವರು ನೆಮ್ಮದಿಯ ಉಸಿರು ಬಿಟ್ಟರು.

ಅಲ್ಲಿಗೆ ಬಿಟ್ಟಿದ್ದರೆ ಆಗಿತ್ತು. ಆದರೆ ಕೆಲಸ ಲೂಸಿಯನ್‌ನ ಕೈಯಲ್ಲಿದೆ, ಪಾತ್ರೆ ಒಯ್ಯದೆ ಸುಮ್ಮನೆ ಕೂರುವುದು ಹೇಗೆ? ರೊಸಿಲ್ಡಾ ಮರ್ಯಾದಸ್ಥೆ. ಬುಧವಾರ ಮಧ್ಯಾಹ್ನ ಅವಳು ತನ್ನ ನೀಲಿ ಎನಾಮಲ್ ಪಾತ್ರೆಯಲ್ಲಿ ಹಂದಿಮಾಂಸ ತುಂಬಿ ಬೇಯಿಸಿದ ಹಿಟ್ಟಿನ ಪೈ ಮಾಡಿಕೊಂಡು, ಮೇಲೊಂದು ಬಟ್ಟೆ ಹೊದಿಸಿಕೊಂಡು ಹಿಂಬಾಗಿಲಿಗೆ ಬಂದಳು. ಮನೆಯಲ್ಲಿ ಅಲ್ಫೀನಾ ಒಬ್ಬಳೇ ಇದ್ದಳು. ಇಬ್ಬರೂ ಅರ್ಮಾನ್‌ನ ಹೆಸರೆತ್ತಲಿಲ್ಲ. ಮಂಡಿನೋವಿನ ಮಾತಾಡಿದರು, ಹೊಸ ಪಾದ್ರಿ ಬೇಗ ಬೇಗ ಪ್ರಾರ್ಥನೆ ಮುಗಿಸುವುದರ ಬಗ್ಗೆ ಮಾತಾಡಿದರು. ಹೋಗುವಾಗ ರೊಸಿಲ್ಡಾ ಪಾತ್ರೆಯ ಮೇಲೆ ಒಮ್ಮೆ ಕೈಯಿಟ್ಟು ಹೋದಳು. ಅಲ್ಫೀನಾ ತಡೆಯಲಿಲ್ಲ. ಎಷ್ಟೋ ವಾರಗಳ ಮೇಲೆ ಅವಳ ಕಪಾಟಿಗೆ ಒಂದು ಪಾತ್ರೆ ಬಂದಿತ್ತು.

ಶುಕ್ರವಾರ ಹಿಮದಲ್ಲಿ ಕಾರು ಓಡಿಸಿಕೊಂಡು ಬಂದ ಲೂಸಿಯನ್ ಹಸಿದಿದ್ದ. ತಾಯಿ ಬಿಸಿ ಮಾಡಿ ಬಡಿಸಿದಳು. ಎರಡು ತುಂಡು ತಿಂದ. "ಅಮ್ಮಾ, ಇವತ್ತು ನಿನ್ನ ಕೈ ಬೇರೆ ಥರ ಇದೆ, ಲವಂಗ ಜಾಸ್ತಿ. ಚೆನ್ನಾಗಿದೆ" ಅಂದ.

ಅಷ್ಟರಲ್ಲಿ ಜೊಸೆಟ್ ಬೂಟು ಕಳಚಿ ಒಳಗೆ ಬಂದಳು. "ಇದು ರೊಸಿಲ್ಡಾ ಅಜ್ಜಿ ಪಾತ್ರೆ ಅಲ್ವಾ? ಅಂಚು ಒಂದು ಕಡೆ ಕೆತ್ತಿಹೋಗಿದೆಯಲ್ಲ, ಅದು."

ಲೂಸಿಯನ್ ಫೋರ್ಕು ಕೆಳಗಿಟ್ಟ. "ಯಾರು ತಂದದ್ದಮ್ಮಾ?"

"ನಿಂಗೆ ಹಸಿವಾಗಿತ್ತು, ತಿಂದೆ. ಚೆನ್ನಾಗಿದೆ ಅಂದೆ. ಈಗೇನು ವಿಚಾರಣೆ?"

"ಯಾರು ಅಂತ ಕೇಳ್ದೆ."

"ರೊಸಿಲ್ಡಾ. ಒಂದು ಮಾತೂ ಆಡಿಲ್ಲ ಅವಳು. ಮಗನ ವಿಷಯ ಎತ್ತಲೇ ಇಲ್ಲ. ಮಾತಾಡಬಾರದು ಅಂತ ನೀನು ಅಂದಿದ್ದೆ, ಮಾತಾಡಿಲ್ಲ."

"ಪಾತ್ರೆ ತರಬಾರದು ಅಂತಾನೂ ಅಂದಿದ್ದೆ."

"ಅದು ಶನಿವಾರಕ್ಕೆ. ಇವಳು ಬಂದದ್ದು ಬುಧವಾರ."

ಇಷ್ಟು ವರ್ಷ ಶಾಸಕನ ತಾಯಿಯಾಗಿದ್ದವಳು, ಕಾನೂನಿನಲ್ಲಿ ಸಂದು ಹುಡುಕುವುದು ಅವಳಿಗೆ ಗೊತ್ತಿತ್ತು. ಯಾರಿಗೂ ನಗು ಬರಲಿಲ್ಲ.

"ಅಮ್ಮಾ, ಇದನ್ನ ನಾನು ಕೋರ್ಟಲ್ಲಿ ಹೇಳಬೇಕು."

"ಏನಂತ? ಪೈ ತಿಂದೆ ಅಂತಾನಾ? ನಗ್ತಾರೆ!"

"ನಗಲಿ. ಹೇಳಿ ಆ ಕೇಸು ಬಿಡಬೇಕು."

"ಬಿಟ್ರೆ?"

"ಬೇರೆ ಜಡ್ಜ್ ಹತ್ರ ಹೋಗುತ್ತೆ. ಪೋರ್ಟ್‌ಲ್ಯಾಂಡಿಗೆ."

ಅಲ್ಫೀನಾ ಪಾತ್ರೆಗೆ ಬಟ್ಟೆ ಮುಚ್ಚಿದಳು. ಪೋರ್ಟ್‌ಲ್ಯಾಂಡಿನ ಆ ಜಡ್ಜ್ ಶಿಕ್ಷೆ ಕೊಡುವುದರಲ್ಲಿ ಕಠಿಣ ಎಂಬುದು ಪತ್ರಿಕೆ ಓದುವವರಿಗೆಲ್ಲ ಗೊತ್ತಿತ್ತು. "ಯಾರಿಗೆ ಗೊತ್ತಾಗುತ್ತೆ ಮಗಾ? ಜೊಸೆಟ್ ಹೇಳ್ತಾಳಾ? ಕೊರಿನ್ ಹೇಳ್ತಾಳಾ?"

"ನನ್ನನ್ನ ಇದಕ್ಕೆ ಸೇರಿಸ್ಬೇಡಿ ಅತ್ತೆ," ಅಂದಳು ಕೊರಿನ್. "ಆ ಅರ್ಮಾನ್‌ದು ಇಷ್ಟಕ್ಕೇ ಮುಗಿಯಲ್ಲ. ನಿಮ್ಮ ಮಂಡಿಗೆ ಹಚ್ಚೋ ಮುಲಾಮು ಎಲ್ಲಿಂದ ಬರ್ತಿತ್ತು, ಹೇಳಿ ನೋಡೋಣ."

ಕೋಣೆಯಲ್ಲಿ ಎಲ್ಲರೂ ಅಲ್ಫೀನಾಳ ಮಂಡಿ ನೋಡಿದರು. ಲೂಸಿಯನ್ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಆಮೇಲೆ ಕೈ ತೆಗೆದು, "ಅದನ್ನೂ ಹೇಳಬೇಕಾಗುತ್ತೆ" ಅಂದ.

"ಹೇಳಪ್ಪಾ, ಎಲ್ಲ ಹೇಳು! ನಿಮ್ಮಮ್ಮನ ಮಂಡಿ ವಿಷಯ ಪೇಪರಲ್ಲಿ ಬರಲಿ! ಅವಳ ಮಗನ್ನ ಎತ್ತಿ ಆಡಿಸಿದ್ದೀನಿ ನಾನು. ನೀನು ಅವನ ಪಕ್ಕ ಮಲಗಿ ಬೆಳೆದೋನು. ಒಂದು ಪೈ ನುಂಗಿಕೊಂಡು ಸುಮ್ಮನಿರೋಕೆ ಆಗಲ್ವಾ ನಿಂಗೆ?"

"ಆಗಲ್ಲ ಅಮ್ಮಾ." ಲೂಸಿಯನ್ ಎದ್ದು ತಟ್ಟೆಯನ್ನು ತಾನೇ ಸಿಂಕಿಗೆ ಹಾಕಿದ. ಬಾಗಿಲ ಹತ್ತಿರ ನಿಂತು, "ಇಷ್ಟು ಮಾತ್ರ ಹೇಳ್ತೀನಿ. ಈ ಪೈ ಬರದೇ ಇದ್ದಿದ್ರೆ ಆ ಕೇಸು ನನ್ನ ಹತ್ರಾನೇ ಇರ್ತಿತ್ತು" ಅಂದ.

ಸೋಮವಾರ ಅವನು ಹೇಳಿದ. ಆರೋಪಿಯ ತಾಯಿ ಕಳಿಸಿದ ಪೈಯನ್ನು ನಾನು ಎರಡು ತುಂಡು ತಿಂದಿದ್ದೇನೆ, ಆರೋಪಿ ತಂದ ಮುಲಾಮನ್ನು ನನ್ನ ತಾಯಿ ಹಚ್ಚಿಕೊಂಡಿದ್ದಾಳೆ, ಆದ್ದರಿಂದ ಈ ಮೊಕದ್ದಮೆಯಿಂದ ಹಿಂದೆ ಸರಿಯುತ್ತೇನೆ ಎಂದ. ಕೋರ್ಟಿನಲ್ಲಿ ಒಬ್ಬಿಬ್ಬರು ನಕ್ಕರಂತೆ. ಅರ್ಮಾನ್ ನಗಲಿಲ್ಲ. ಮರುದಿನ ಪತ್ರಿಕೆಯಲ್ಲಿ ಪೈ ಬಂತು, ಮಂಡಿಯೂ ಬಂತು.

ಕಣಿವೆಯವರು ಸಿಟ್ಟಾದದ್ದು ಲೂಸಿಯನ್ ಮೇಲೆ. ಎರಡು ತುಂಡು ಪೈಯ ನೆಪ ಹೇಳಿ ಕೈ ತೊಳೆದುಕೊಂಡ ಅಂದರು. ದೊಡ್ಡ ಕುರ್ಚಿ ಸಿಕ್ಕಮೇಲೆ ಮನೆ ಜನ ಬೇಡವಾದರು ಅಂದರು. ಅವನು ಪೆಟ್ರೋಲ್ ಹಾಕಿಸಲು ನಿಂತರೆ ಅಂಗಡಿಯಲ್ಲಿ ಮಾತು ನಿಲ್ಲುತ್ತಿತ್ತು. ಕೊರಿನ್‌ಗೆ ಶಾಲೆಯ ಅಡುಗೆಮನೆಯಲ್ಲಿ ಜೊತೆಗಾರ್ತಿಯೊಬ್ಬಳು, "ಇವತ್ತು ಪೈ ಇದೆ ಕೊರಿನ್, ತಿಂತೀಯಾ ಅಥವಾ ಕೋರ್ಟಿಗೆ ಹೇಳ್ತೀಯಾ?" ಅಂದಳು. ಕೊರಿನ್ ಸೌಟು ಎಸೆದು ಮನೆಗೆ ಬಂದಳು. ಚರ್ಚಿನಲ್ಲಿ ರೊಸಿಲ್ಡಾ ಹಿಂದಿನ ಸಾಲಿಗೆ ಹೋಗಿ ಕೂತಳು. ಅಲ್ಫೀನಾಳ ಪಕ್ಕದ ಜಾಗ ಭಾನುವಾರದ ಮೇಲೆ ಭಾನುವಾರ ಖಾಲಿ ಉಳಿಯಿತು.

ಅಲ್ಫೀನಾ ಯಾರಿಗೂ ಏನೂ ಹೇಳಲಿಲ್ಲ. ಮಗನನ್ನು ಬಯ್ಯುವವರ ಮುಂದೆ ತಲೆ ಆಡಿಸುತ್ತಿದ್ದಳು. ನೀಲಿ ಪಾತ್ರೆಯನ್ನು ತೊಳೆದು ಕಪಾಟಿನಲ್ಲಿಟ್ಟಿದ್ದಳು, ಅಷ್ಟೆ.

ಕೊರಿನ್ ಒಂದು ದಿನ ತಡೆಯಲಾರದೆ ಕೇಳಿದಳು. ಅತ್ತೆ ಬಟ್ಟೆ ಮಡಚುತ್ತಿದ್ದಳು.

"ಊರೆಲ್ಲ ನಿಮ್ಮ ಮಗನ್ನ ಬಯ್ತಿದೆ ಅತ್ತೆ."

"ಜನ ಬಯ್ತಾರೆ, ಮರೀತಾರೆ. ಶಾಲೆ ಕೂಡಿಸಿದಾಗ ಬಯ್ದಿರಲಿಲ್ವಾ?"

"ಅವಾಗ ಇವರು ಮಸೂದೆಗೆ ಕೈ ಎತ್ತಿದ್ರು. ಈಗ ಇವರೇನು ಮಾಡಿದ್ದಾರೆ? ಪಾತ್ರೆ ಇಟ್ಟುಕೊಂಡದ್ದು ನೀವು."

"ಬಾಗಿಲಿಗೆ ಬಂದ ಗೆಳತೀನ ವಾಪಸು ಕಳಿಸಲಾ?"

"ಕಳಿಸಬೇಕಿತ್ತು. ಕಳಿಸಿದ್ರೆ ಅರ್ಮಾನ್ ಇವತ್ತೂ ನಿಮ್ಮ ಮಗನ ಮುಂದೇನೇ ನಿಂತಿರ್ತಿದ್ದ. ಅವರು ಅವತ್ತು ಬಾಗಿಲಲ್ಲಿ ನಿಂತು ಹೇಳಿದ್ದು ಅದೇ. ನಿಮಗೆ ಅರ್ಥ ಆಗಿಲ್ಲ ಅಂತ ನಾನು ನಂಬಲ್ಲ. ಜಡ್ಜಾಗಿ ಅವರಂತೂ ಬಾಯಿ ಬಿಡೋ ಹಾಗಿಲ್ಲ. ನೀವು ಬಿಡಬಹುದು."

ಅಲ್ಫೀನಾ ಕೈಯಲ್ಲಿದ್ದ ಮಗನ ಅಂಗಿಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ನದಿಯ ಮಂಜುಗಡ್ಡೆ ಒಡೆಯುವ ಕಾಲಕ್ಕೆ ತೀರ್ಪು ಬಂತು. ಪೋರ್ಟ್‌ಲ್ಯಾಂಡಿನ ಜಡ್ಜ್ ಅರ್ಮಾನ್‌ನನ್ನು ಎರಡು ವರ್ಷ ಜೈಲಿಗೆ ಕಳಿಸಿದ. ಪೆನ್ಸಿಲ್ವೇನಿಯಾದ ಯಾವುದೋ ಜೈಲು. ಕಾರು ಓಡಿಸಲು ಬಾರದ ರೊಸಿಲ್ಡಾ ಅಷ್ಟು ದೂರ ಹೋಗಿ ಮಗನ ಮುಖ ನೋಡುವುದು ಕನಸಿನ ಮಾತು.

ತೀರ್ಪಿನ ಮರುದಿನ ಬೆಳಿಗ್ಗೆ ಅಲ್ಫೀನಾ ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದಳು. ಕೈಯಲ್ಲಿ ನೀಲಿ ಪಾತ್ರೆ ಇತ್ತು.

"ಜೊಸೆಟ್, ನನ್ನನ್ನ ರೊಸಿಲ್ಡಾ ಮನೆಗೆ ಬಿಡು."

ಕೊರಿನ್ ಹೋಗಿ, ಆಗಷ್ಟೇ ಮಾಡಿದ್ದ ಸೇಬಿನ ಕೇಕು ತಂದು ಮುಂದಿಟ್ಟಳು. "ಇದನ್ನ ಹಾಕ್ಕೊಳ್ಳಿ ಅತ್ತೆ. ಬೆಚ್ಚಗಿದೆ."

"ಬೇಡ."

"ಖಾಲಿ ಒಯ್ತೀರಾ?"

"ಆಗದ ಕೆಲಸಕ್ಕೆ ಖಾಲಿ ಪಾತ್ರೆ," ಅಂದಳು ಅಲ್ಫೀನಾ. "ಇಷ್ಟು ವರ್ಷ ಜಾಮ್ ತುಂಬಿ ತುಂಬಿ ಜನರಿಗೆ ಸುಳ್ಳು ಹೇಳಿದ್ದು ಸಾಕು."

ದಾರಿಯುದ್ದಕ್ಕೂ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ರೊಸಿಲ್ಡಾ ಬಾಗಿಲು ಅರ್ಧ ತೆಗೆದು ನಿಂತಳು, ಒಳಗೆ ಕರೆಯಲಿಲ್ಲ. ಜೊಸೆಟ್ ಮೆಟ್ಟಿಲ ಕೆಳಗೆ ಕೆಸರಿನಲ್ಲಿ ನಿಂತು ಕೇಳಿದ್ದನ್ನೇ ಆಮೇಲೆ ನಮಗೆಲ್ಲ ಹೇಳಿದ್ದು.

ಅಲ್ಫೀನಾ ಪಾತ್ರೆ ಮುಂದೆ ಚಾಚಿದಳು. ರೊಸಿಲ್ಡಾ ಒಳಗೆ ಇಣುಕಿ ನೋಡಿದಳು. ಮತ್ತೆ ನೋಡಿದಳು. ಅಲ್ಫೀನಾಳ ಕೈಯಿಂದ ಖಾಲಿ ಪಾತ್ರೆ ಬಂದದ್ದನ್ನು ಅವಳಿಗೆ ನಂಬಲಾಗಲಿಲ್ಲ.

"ನಿನ್ನ ಮಗ ಕಳಿಸಿದನಾ?"

"ಅವನಿಗೆ ಗೊತ್ತಿಲ್ಲ. ಕೇಳಿಲ್ಲಿ ರೊಸಿಲ್ಡಾ. ಅವನು ನೆಪ ಹೇಳಲಿಲ್ಲ. ಅವನು ಕೇಸು ಇಟ್ಟುಕೊಳ್ಳೋನಿದ್ದ. ಸರ್ಕಾರದೋರೂ ಒಪ್ಪಿದ್ರು. ನಾನು ನಿನ್ನ ಪಾತ್ರೆ ಒಳಗಿಟ್ಟುಕೊಂಡೆ. ಬೇಡ ಅಂದಿದ್ದ, ಆದ್ರೂ ಇಟ್ಟುಕೊಂಡೆ. ನಮ್ಮನೆಗೆ ಯಾರೂ ಬರ್ತಿರಲಿಲ್ಲ, ನಂಗೆ ಆಸೆಯಾಯ್ತು. ಅದಕ್ಕೇ ಕೇಸು ಹೋಯ್ತು. ಊರೋರು ಅವನನ್ನ ಬಯ್ತಿದ್ರೆ ನಾನು ಸುಮ್ಮನಿದ್ದೆ."

ರೊಸಿಲ್ಡಾ ಪಾತ್ರೆ ತೆಗೆದುಕೊಂಡಳು. ಕೆತ್ತಿಹೋದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು.

"ತಂದದ್ದು ನಾನು," ಅಂದಳು ಕೊನೆಗೆ. "ಲಾಯರು ಬೇಡ ಅಂದಿದ್ದ. ಏನೂ ಮಾಡಬೇಡಿ, ಮನೇಲಿ ಕೂತಿರಿ ಅಂದಿದ್ದ. ಬರಿಗೈಲಿ ಹೆಂಗೆ ಕೂರೋದು ಅಂತ ನಾನೇ ತಂದೆ." ಪಾತ್ರೆಯನ್ನು ಎದೆಗವಚಿಕೊಂಡಳು. "ಇಬ್ಬರು ಮುದುಕೀರು ಸೇರಿ ನನ್ನ ಮಗನ್ನ ಒಳಗೆ ಹಾಕಿದ್ವಲ್ಲೇ."

ಅಲ್ಫೀನಾ ಅತ್ತಳು. ರೊಸಿಲ್ಡಾ ಬಾಗಿಲು ಹಾಕಿಕೊಂಡಳು. ಅಲ್ಫೀನಾ ಕಂಬಿ ಹಿಡಿದು ಎರಡು ಮೆಟ್ಟಿಲು ಇಳಿದಾಗ ಬಾಗಿಲು ಮತ್ತೆ ತೆರೆಯಿತು.

"ಶನಿವಾರ ಬೀನ್ಸ್ ಮಾಡ್ತೀಯಾ?"

"ಮಾಡ್ತೀನಿ."

"ಬರ್ತೀನಿ. ಬರಿಗೈಲಿ ಬರ್ತೀನಿ."

ಆ ಶನಿವಾರ ಅಲ್ಫೀನಾ ದೊಡ್ಡ ಮಡಕೆಯನ್ನೇ ಇಳಿಸಿದಳು. ಯಾಕೆಂದು ಲೂಸಿಯನ್ ಕೇಳಲಿಲ್ಲ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಮೇಜಿನ ತಲೆಯ ಕಡೆ ಕೂತು ಪ್ಲೋಯ್‌ಗೆ ಬೆಣ್ಣೆ ಸವರುತ್ತಿದ್ದ. ಹಿಂಬಾಗಿಲು ತೆರೆಯಿತು. ರೊಸಿಲ್ಡಾ ಬೂಟಿನ ಕೆಸರು ಒರೆಸಿಕೊಂಡು ಒಳಗೆ ಬಂದಳು. ಎರಡೂ ಕೈ ಖಾಲಿ. ಖಾಲಿ ಎಂದು ಕಾಣಲೆಂದೇ ಎದುರಿಗೆ ಹಿಡಿದುಕೊಂಡಿದ್ದಳು.

ಲೂಸಿಯನ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. ಅವನು ನಿಂತದ್ದು ನೋಡಿ ಕೊರಿನ್ ಎದ್ದಳು, ಜೊಸೆಟ್ ಎದ್ದಳು. ಅಲ್ಫೀನಾ ಹಂಚಿನ ಹತ್ತಿರ ಮೊದಲೇ ನಿಂತಿದ್ದಳು.

ರೊಸಿಲ್ಡಾ ಅವನ ಪಕ್ಕದ ಕುರ್ಚಿ ಎಳೆದುಕೊಂಡಳು.

"ಕೂತ್ಕೋ ಲೂಸಿಯನ್," ಅಂದಳು. "ಬೀನ್ಸ್ ಆರಿಹೋಗುತ್ತೆ."